ಮಧ್ಯಾಹ್ನ ಅಳತೆ ಮೀರುವ ಪ್ರೆಸ್: ವಾಲ್ವ್ ಬದಲಿಸುವ ಮುನ್ನ

ಬೆಳಿಗ್ಗೆ ಸರಿಯಾಗಿ ನಿಲ್ಲುವ ಹೈಡ್ರಾಲಿಕ್ ಪ್ರೆಸ್ಸಿನ ರಾಮ್ (ಒತ್ತುವ ದಂಡ) ಮಧ್ಯಾಹ್ನದ ಹೊತ್ತಿಗೆ ಒಂದೆರಡು ಮಿಲಿಮೀಟರ್ ಮುಂದೆ ಹೋಗುತ್ತಿರುವುದರಿಂದ ಕರೆಂಟಿಗೆ ತಕ್ಕಷ್ಟೇ ತೆರೆದು ಎಣ್ಣೆ ಬಿಡುವ ಪ್ರಪೋರ್ಷನಲ್ ವಾಲ್ವನ್ನೇ ಬದಲಿಸಬೇಕೇ ಎಂದು ಕೇಳಿದ್ದೀರಿ. ಅಷ್ಟು ದುಬಾರಿ ಕೆಲಸಕ್ಕೆ ಕೈಹಾಕುವ ಮೊದಲು ಟ್ಯಾಂಕಿನ ಎಣ್ಣೆಯ ಉಷ್ಣತೆಯನ್ನು ಗಂಟೆಗೊಮ್ಮೆ ಬರೆದಿಟ್ಟು, ಅಳತೆಯ ವ್ಯತ್ಯಾಸದೊಡನೆ ಹೋಲಿಸಿ ನೋಡಿ. ನೀವು ಹೇಳಿದ ವಿಜಿ 46 ದರ್ಜೆಯ ಎಣ್ಣೆಯ ಸ್ನಿಗ್ಧತೆ (ಮಂದತನ) 40 ಡಿಗ್ರಿಯಲ್ಲಿ 46 ಸೆಂಟಿಸ್ಟೋಕ್ ಇದ್ದದ್ದು 60 ಡಿಗ್ರಿಗೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ; ತೆಳುವಾದ ಎಣ್ಣೆಗೆ ಪೈಪು ಮತ್ತು ಕಿರಿದಾದ ದಾರಿಗಳಲ್ಲಿ ತಡೆ ಕಡಿಮೆಯಾದ್ದರಿಂದ, ರಾಮ್ ಗೊತ್ತಾದ ಜಾಗ ತಲುಪಿದ್ದನ್ನು ತಿಳಿಸುವ ಲಿಮಿಟ್ ಸ್ವಿಚ್ ತಾಗಿದ ಮೇಲೂ ವೇಗವಾಗಿ ಬರುತ್ತಿರುವ ರಾಮ್ ಹೆಚ್ಚು ದೂರ ಸಾಗುತ್ತದೆ.

ರಾಮ್ ನಿಧಾನವಾಗುತ್ತಿದ್ದರೆ ಮಾತ್ರ ನಾನು ವಾಲ್ವಿನ ಕಾಯಿಲನ್ನೋ ಪಂಪಿನ ಒಳಸೋರಿಕೆಯನ್ನೋ ಸಂಶಯಿಸುತ್ತಿದ್ದೆ, ಏಕೆಂದರೆ ತಾಮ್ರದ ಸುರುಳಿ 50 ಡಿಗ್ರಿ ಹೆಚ್ಚು ಕಾದರೆ ಅದರ ರೋಧ ಸುಮಾರು ಶೇ. 20ರಷ್ಟು ಏರಿ, ವೋಲ್ಟೇಜ್ ಮಾತ್ರ ನಿಯಂತ್ರಿಸುವ ಆಂಪ್ಲಿಫೈಯರ್ ಇದ್ದಲ್ಲಿ ಕರೆಂಟ್ ಕುಸಿದು ವಾಲ್ವ್ ಕಡಿಮೆ ತೆರೆಯುತ್ತದೆ.

ಕೂಲರಿನ ಥರ್ಮೋಸ್ಟಾಟನ್ನು 45 ಡಿಗ್ರಿಯ ಆಸುಪಾಸಿಗೆ ಹೊಂದಿಸಿ, ಬೆಳಿಗ್ಗೆ ಎಣ್ಣೆ ಆ ಮಟ್ಟಕ್ಕೆ ಬರುವವರೆಗೆ ಲೋಡಿಲ್ಲದೆ ಓಡಿಸಿ. ಒತ್ತಡ ಮಿತಿ ಮೀರಿದಾಗ ಎಣ್ಣೆಯನ್ನು ಟ್ಯಾಂಕಿಗೆ ಬಿಡುವ ರಿಲೀಫ್ ವಾಲ್ವ್ ಸದಾ ತೆರೆದೇ ಇದ್ದರೆ ಆ ಒತ್ತಡವೆಲ್ಲ ಶಾಖವಾಗುವುದರಿಂದ ದೊಡ್ಡ ಕೂಲರ್ ಕೂಡ ಸಾಲದೆ ಹೋಗಬಹುದು. ಇಷ್ಟಾದರೂ ನಿಖರತೆ ಸಾಲದಿದ್ದರೆ, ಲಿಮಿಟ್ ಸ್ವಿಚ್ಚಿನ ಬದಲು ರಾಮ್ ಇರುವ ಸ್ಥಾನವನ್ನು ಸತತವಾಗಿ ಅಳೆಯುವ ಲೀನಿಯರ್ ಸ್ಕೇಲ್ ಅಳವಡಿಸಿ, ಪಿಎಲ್‌ಸಿ (ಯಂತ್ರವನ್ನು ನಡೆಸುವ ನಿಯಂತ್ರಕ ಕಂಪ್ಯೂಟರ್) ಆ ಸ್ಥಾನವನ್ನು ನೋಡಿಕೊಂಡೇ ವೇಗ ಇಳಿಸುವಂತೆ ಮಾಡಿಸಿ.