ಕ್ರೊಯೇಷಿಯಾದಲ್ಲಿ ಸಮುದ್ರ ತೀರ ಬಿಟ್ಟು ಒಂದು ರೈತರ ಊರು ನೋಡಬೇಕು ಅಂದರೆ ಯಾವುದಕ್ಕೆ ಹೋಗಲಿ?

ಜಾಗ್ರೆಬ್‌ನಲ್ಲಿ ಒಂದು ದಿನ ಬಿಡುವಿದೆ, ಪ್ರವಾಸಿಗರು ತುಂಬಿರದ ಹಳ್ಳಿ ಹೇಳಿ ಅಂತ ಕೇಳಿದ್ದೀರಿ. ಹ್ಲೆಬಿನೆಗೆ ಹೋಗಿ. ನಾನು ಒಂದು ನವೆಂಬರ್‌ನಲ್ಲಿ ಹೋಗಿದ್ದೆ. ಇವತ್ತಿಗೂ ಆ ಊರು ಮನಸ್ಸಿನಿಂದ ಹೋಗಿಲ್ಲ.

ದೇಶದ ಉತ್ತರಕ್ಕೆ, ಹಂಗೇರಿ ಗಡಿಯ ಹತ್ತಿರ, ದ್ರಾವಾ ನದಿಯ ಬಯಲಿದೆ. ಅದಕ್ಕೆ ಪೊದ್ರಾವಿನಾ ಅಂತ ಹೆಸರು. ಹ್ಲೆಬಿನೆ ಇರುವುದು ಅಲ್ಲಿ. ಅದೊಂದು 'ಒಪ್‌ಚಿನಾ', ಹೆಚ್ಚುಕಡಿಮೆ ನಮ್ಮ ಗ್ರಾಮ ಪಂಚಾಯಿತಿಯ ಹಾಗೆ. ಅದರಲ್ಲಿ ಎರಡೇ ಊರು, ಹ್ಲೆಬಿನೆ ಮತ್ತು ಗಬಾಯೆವಾ ಗ್ರೆದಾ. 2011ರ ಜನಗಣತಿಯಲ್ಲಿ ಎರಡೂ ಸೇರಿ ಸುಮಾರು 1,300 ಜನ. ಸುತ್ತ ಮೆಕ್ಕೆಜೋಳದ ಹೊಲ, ಬೀದಿ ಬದಿಗೆ ಮನೆಗಳ ಸಾಲು.

ಇಷ್ಟು ಚಿಕ್ಕ ಊರು ಕಲೆಯ ಪುಸ್ತಕಗಳಲ್ಲಿ ಸೇರಿದ್ದು ಹೇಗೆ ಗೊತ್ತಾ? ಕ್ರ್‌ಸ್ತೊ ಹೆಗೆದುಶಿಚ್ ಅನ್ನುವ ಚಿತ್ರಕಾರ ಬಾಲ್ಯ ಕಳೆದದ್ದು ಇಲ್ಲಿ. 1930ರಲ್ಲಿ ಅವರು ಊರಿನ ಅಂಗಡಿಯಲ್ಲಿ ಒಬ್ಬ ಹುಡುಗ ಬರೆದ ಚಿತ್ರಗಳನ್ನು ಕಂಡರು. ಹುಡುಗನ ಹೆಸರು ಇವಾನ್ ಗೆನೆರಾಲಿಚ್, ವಯಸ್ಸು 15, ರೈತರ ಮನೆಯವನು. ಅದೇ ಊರಿನ ಫ್ರಾನ್ಯೊ ಮ್ರಾಜ್ ಕೂಡ ಜೊತೆಯಾದ. ಮರುವರ್ಷವೇ ಜಾಗ್ರೆಬ್‌ನಲ್ಲಿ 'ಜೆಮ್ಲ್ಯಾ' ಅನ್ನುವ ಕಲಾವಿದರ ಗುಂಪಿನ ಪ್ರದರ್ಶನದಲ್ಲಿ ಇಬ್ಬರ ಚಿತ್ರಗಳೂ ಗೋಡೆಗೇರಿದವು. ಜೆಮ್ಲ್ಯಾ ಅಂದರೆ ಮಣ್ಣು, ನೆಲ. ಪಕ್ಕದ ಜೆಲೆಕೊವೆತ್ಸ್ ಊರಿನ ಮಿರ್ಕೊ ವಿರಿಯುಸ್ ಆಮೇಲೆ ಬಂದರು. ಅವರು ಕುಂಚ ಹಿಡಿದದ್ದು ನಲವತ್ತೈದು ದಾಟಿದ ಮೇಲೆ!

ಶುರುವಿನಲ್ಲಿ ಇವರಾರೂ ಬೇಸಾಯ ಬಿಟ್ಟು ಚಿತ್ರ ಬರೆಯಲು ಕೂತವರಲ್ಲ. ಹೊಲದ ಕೆಲಸ ಮುಗಿದು ಚಳಿಗಾಲ ಬಂದಾಗ ಬರೆಯುತ್ತಿದ್ದರು. ಹ್ಲೆಬಿನೆಯ ಚಿತ್ರಗಳಲ್ಲಿ ಅಷ್ಟೊಂದು ಹಿಮ, ಎಲೆ ಉದುರಿದ ಮರ ಯಾಕೆ ಅಂತ ನನಗೆ ಅಲ್ಲಿ ನಿಂತಾಗಲೇ ಅರ್ಥವಾಯಿತು. ಕಿಟಕಿಯಾಚೆ ಕಾಣುತ್ತಿದ್ದದ್ದೇ ಅದು ಅಲ್ವಾ.

ಇನ್ನು ಗಾಜಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಲ್ಲಿನವರು ಗಾಜಿನ ಹಿಂಬದಿಗೆ ಎಣ್ಣೆ ಬಣ್ಣ ಹಚ್ಚುತ್ತಾರೆ, ನಾವು ಮುಂಬದಿಯಿಂದ ನೋಡುತ್ತೇವೆ. ಹಾಗಾಗಿ ಎಲ್ಲವೂ ತಲೆಕೆಳಗು. ಹುಂಜದ ಕಣ್ಣಿನ ಚುಕ್ಕಿ ಮೊದಲು, ಆಮೇಲೆ ಗರಿ, ಆಮೇಲೆ ಹಿಂದಿನ ಮನೆ, ಆಕಾಶ ಕಟ್ಟಕಡೆಗೆ. ಎಡ ಬಲವೂ ಅದಲುಬದಲು. ಮೊದಲಲ್ಲೇ ತಪ್ಪಿ, ಮೇಲೆ ಬಣ್ಣ ಕೂತುಬಿಟ್ಟರೆ ತಿದ್ದುವುದು ಬಲು ಕಷ್ಟ. ಈ ಕೆಲಸ ಆ ಸೀಮೆಗೆ ಹೊಸದಲ್ಲ. ಹಿಂದೆ ರೈತರ ಮನೆಗಳಲ್ಲಿ 'ಗ್ಲಾಜಿ' ಅಂತ ಸಂತರ ಗಾಜಿನ ಚಿತ್ರಗಳು ಇರುತ್ತಿದ್ದವು. ಸಂತರಿದ್ದ ಜಾಗಕ್ಕೆ ಹಸು, ಬಣವೆ, ಹೆಣ ಸಾಗಿಸುವ ಜನ ಬಂದರು.

ಒಂದು ಮಾತು. ಈ ಚಿತ್ರಗಳನ್ನು ಸುಮ್ನೆ ಮುದ್ದಾದ ಹಳ್ಳಿ ಚಿತ್ರ ಅಂದುಕೊಳ್ಳಬೇಡಿ. ಗೆನೆರಾಲಿಚ್ 1934ರಲ್ಲಿ ಬರೆದ 'ರೆಕ್ವಿಜಿತ್ಸಿಯಾ' ಬಡ ರೈತನ ಮನೆಗೆ ಜಪ್ತಿಗೆ ಬಂದವರ ಚಿತ್ರ. ಜೆಮ್ಲ್ಯಾ ಗುಂಪನ್ನು 1935ರಲ್ಲಿ ಸರ್ಕಾರ ನಿಷೇಧಿಸಿತು. ವಿರಿಯುಸ್ 1943ರಲ್ಲಿ ಸೆರೆ ಶಿಬಿರದಲ್ಲಿ ತೀರಿಕೊಂಡರು. 16 ವರ್ಷದ ನಂತರ ಗೆನೆರಾಲಿಚ್ ಆ ಗೆಳೆಯನ ಸಾವನ್ನು ಚಿತ್ರಿಸಿದರು. ಹಿಮ, ಹೂವು, ಜಿಂಕೆಗಳ ಕನಸಿನ ಲೋಕ ಜಾಸ್ತಿಯಾದದ್ದು ಆಮೇಲೆ. ನನಗೆ ಮೊದಲಿನ ಆ ಸಿಟ್ಟಿನ ಚಿತ್ರಗಳೇ ಇಷ್ಟ.

ಹೋಗುವುದು ಸುಲಭ. ಜಾಗ್ರೆಬ್‌ನಿಂದ ಕೊಪ್ರಿವ್ನಿತ್ಸಾವರೆಗೆ ರೈಲಿದೆ. ಅಲ್ಲಿಂದ ಸುಮಾರು 15 ಕಿ.ಮೀ., ಟ್ಯಾಕ್ಸಿ ಹಿಡಿಯಿರಿ. ಊರೊಳಗೆ 1968ರಲ್ಲಿ ತೆರೆದ ಗ್ಯಾಲರಿ ಇದೆ, ಗೆನೆರಾಲಿಚ್ ಚಿತ್ರಗಳಿಗೇ ಒಂದು ಕೋಣೆ ಮೀಸಲು. ಹೊರಡುವ ಮುಂಚೆ ಫೋನ್ ಮಾಡಿ, ತೆರೆದಿದೆಯಾ ಕೇಳಿಕೊಳ್ಳಿ. ಊಟಕ್ಕೆ ಕೊಪ್ರಿವ್ನಿತ್ಸಾನೇ ವಾಸಿ. ಕುಂಬಳ ಬೀಜದ ಕಡುಹಸಿರು ಎಣ್ಣೆ ಹಾಕಿದ ಸಲಾಡ್ ಕೇಳಿ, 'ಪ್ರ್‌ಗಾ' ಅನ್ನುವ ಒಣಗಿಸಿದ ಖಾರದ ಚೀಸ್ ಸಿಕ್ಕರೆ ಬಿಡಬೇಡಿ.

ಗ್ಯಾಲರಿ ನೋಡಿದ ಮೇಲೆ ಕೂಡಲೇ ಟ್ಯಾಕ್ಸಿ ಹತ್ತಬೇಡಿ. ಊರಿನ ಕೊನೆಯ ಮನೆ ದಾಟಿ ಹೊಲದವರೆಗೆ ಅರ್ಧ ಗಂಟೆ ನಡೆಯಿರಿ. ಗಾಜಿನ ಮೇಲೆ ನೋಡಿದ ಅದೇ ಬೋಳು ಮರಗಳು ಅಲ್ಲಿ ನಿಂತಿರುತ್ತವೆ.