ಅಪ್ಪನಿಗೂ ತಮ್ಮನಿಗೂ ಒಂದೇ ಬೆಟ್ಟ

ಪ್ರಶ್ನೆ: ಮೊಣಕಾಲು ನೋವಿರುವ ಅಪ್ಪ, ಹತ್ತು ವರ್ಷದ ಮಗಳು, ದಿನಾ ಓಡುವ ತಮ್ಮ, ಎಲ್ಲರೂ ಒಂದೇ ದಿನ ಬೆಟ್ಟ ಹತ್ತಬೇಕು. ಕುಮಾರ ಪರ್ವತ ಆಗುತ್ತಾ?

ಉತ್ತರ: ಖಂಡಿತ ಬೇಡ. ಕುಕ್ಕೆಯಿಂದ 1,712 ಮೀಟರ್ ಎತ್ತರದ ತುದಿಗೆ ಹೋಗಿ ಬರೋದು ಗಟ್ಟಿಗರನ್ನೂ ಸುಸ್ತು ಮಾಡುತ್ತದೆ, ದಾರಿ ಮಧ್ಯದ ಗಿರಿಗದ್ದೆ ದಾಟಿದರೆ ಹುಲ್ಲುಗುಡ್ಡ, ನೆರಳು ಕಡಿಮೆ. ಮುಳ್ಳಯ್ಯನಗಿರಿಗೆ ಹೋಗಿ. ಕರ್ನಾಟಕದ ಅತಿ ಎತ್ತರದ ಶಿಖರವಾದರೂ ರಸ್ತೆ ತುದಿಯ ಹತ್ತಿರದವರೆಗೂ ಇದೆ, ಆಮೇಲೆ ಮೆಟ್ಟಿಲು. ತಮ್ಮ ಕೆಳಗಿನ ಸರ್ಪದಾರಿ ಎಂಬ ಜಾಗದಿಂದ ಕಾಲುದಾರಿಯಲ್ಲಿ ಹತ್ತಲಿ, ಮೇಲೆ ಗುಡಿಯ ಹತ್ತಿರ ಎಲ್ಲರೂ ಸೇರಬಹುದು, ಅಲ್ವಾ? ಮೊಣಕಾಲಿಗೆ ಇಳಿಯುವಾಗಲೇ ಪೆಟ್ಟು ಜಾಸ್ತಿ. ಅಪ್ಪನ ಕೈಗೆ ಕೋಲು ಕೊಡಿ, ನೋವಿರುವ ಕಾಲನ್ನು ಮೊದಲು ಕೆಳಗಿಟ್ಟು ಒಂದೊಂದೇ ಮೆಟ್ಟಿಲು ಇಳಿಯಲಿ. ಮಳೆಗಾಲದಲ್ಲಿ ಮಾತ್ರ ಅವರನ್ನು ಹತ್ತಿಸಬೇಡಿ, ಮೆಟ್ಟಿಲು ಜಾರುತ್ತದೆ.