ಹಳೇ ಮ್ಯಾಕಿಗೆ ಬ್ರಿಡ್ಜ್ ಕೊಳ್ಳುವ ಮುಂಚೆ

ಪ್ರಶ್ನೆ: ಮಂಡ್ಯದಲ್ಲಿ ನಮ್ಮ ತಂದೆಯವರ ಕಾಲದ ಲಗ್ನಪತ್ರಿಕೆ ಪ್ರೆಸ್ ಇದೆ. ಹಳೇ ಮ್ಯಾಕಿಂಟಾಷ್, ಆಪಲ್‌ನ ಲೇಸರ್‌ರೈಟರ್ ಪ್ರಿಂಟರ್ ಎರಡೂ ಲೋಕಲ್‌ಟಾಕ್ (ಆಪಲ್‌ನ ಹಳೇ ನೆಟ್‌ವರ್ಕ್) ತಂತಿಯಲ್ಲಿವೆ. ಆ ತಂತಿಯನ್ನು ಈಥರ್‌ನೆಟ್ಟಿಗೆ ಸೇರಿಸುವ ಆಸಾಂಟೆಟಾಕ್ ಬ್ರಿಡ್ಜ್ ತಂದು ರೂಟರಿಗೆ ಹಾಕಿದೆ. ವಿಂಡೋಸ್ ಲ್ಯಾಪ್‌ಟಾಪಿಗೆ ಪ್ರಿಂಟರ್ ಕಾಣುತ್ತಿಲ್ಲ. ಬ್ರಿಡ್ಜ್ ಕೆಟ್ಟಿದೆಯಾ ಸರ್?

ಉತ್ತರ: ಕೆಟ್ಟೇ ಇರಬೇಕೆಂದಿಲ್ಲ. ಸರಿಯಿದ್ದರೂ ಹೀಗೇ ಆಗುತ್ತದೆ. ಈ ಪ್ರಶ್ನೆ ಬರುತ್ತಲೇ ಇದೆ. "ಸಿಕ್ಕಿಸಿದರೆ ಸಾಕು, ಇಂಟರ್ನೆಟ್ಟೂ ಬರುತ್ತದೆ" ಅಂತ ಹೇಳಿ ಮಾರುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಬರುವುದಿಲ್ಲ. ಲೋಕಲ್‌ಟಾಕ್ ತಂತಿಯ ವೇಗ ಸೆಕೆಂಡಿಗೆ 230.4 ಕಿಲೋಬಿಟ್. ಅಲ್ಲಿನ ಆಪಲ್‌ಟಾಕ್ (ಹಳೇ ಮ್ಯಾಕ್‌ಗಳ ನೆಟ್‌ವರ್ಕ್ ಭಾಷೆ) ಪ್ಯಾಕೆಟ್ಟುಗಳನ್ನು ಆ ಡಬ್ಬಿ 10 ಮೆಗಾಬಿಟ್ ಈಥರ್‌ನೆಟ್ಟಿಗೆ ದಾಟಿಸುತ್ತದೆ, ಅಷ್ಟೇ. ದಾಟಿದ ಮೇಲೂ ಅವು ಆಪಲ್‌ಟಾಕೇ. ನಿಮ್ಮ ಲ್ಯಾಪ್‌ಟಾಪಿಗೆ ಗೊತ್ತಿರುವುದು ಇಂಟರ್ನೆಟ್ಟಿನ ಭಾಷೆಯಾದ ಟಿಸಿಪಿ/ಐಪಿ. ಹೊಸ ಮ್ಯಾಕ್ ತಂದರೂ ಪ್ರಯೋಜನವಿಲ್ಲ, 2009ರ ಸ್ನೋ ಲೆಪರ್ಡ್ ಎಂಬ ಮ್ಯಾಕ್ ಆವೃತ್ತಿಯಲ್ಲಿ ಆಪಲ್ ಕಂಪನಿಯೇ ಆಪಲ್‌ಟಾಕನ್ನು ಕೈಬಿಟ್ಟಿತು.

ನಡುವೆ ಎರಡನ್ನೂ ಬಲ್ಲ ಒಂದು ಯಂತ್ರ ಬೇಕು. ಹಳೇ ಪಿಸಿಗೆ ಲಿನಕ್ಸ್ ಹಾಕಿ, ಮೇಲೆ ಆಪಲ್‌ಟಾಕ್ ಬಲ್ಲ ನೆಟಾಟಾಕ್ ತಂತ್ರಾಂಶ ಹಾಕಿ. ಅದರ 3.0 ಆವೃತ್ತಿಯಲ್ಲಿ ಆಪಲ್‌ಟಾಕ್ ತೆಗೆದುಹಾಕಿದ್ದರು, 2024ರ 4.0ರಲ್ಲಿ ಮರಳಿ ಬಂತು. ಯಾರೋ ಹೇಳಿದರು ಅಂತ ಮೂರನೇ ಆವೃತ್ತಿ ಹಾಕಿಕೊಂಡು ಸುಮ್ನೆ ಒದ್ದಾಡಬೇಡಿ. ವೈಫೈ ನೆಚ್ಚಬೇಡಿ, ಕೇಬಲ್ಲೇ ಎಳೆಯಿರಿ. ನೆಟಾಟಾಕ್ ಜೊತೆ ಬರುವ ಹುಡುಕುವ ಕಮಾಂಡ್ ಕೊಟ್ಟಾಗ ಲೇಸರ್‌ರೈಟರ್ ಹೆಸರು ಬಂದರೆ ಬ್ರಿಡ್ಜ್ ಸರಿಯಿದೆ. ಆಮೇಲೆ ಕಪ್ಸ್ (ಲಿನಕ್ಸಿನ ಪ್ರಿಂಟಿಂಗ್ ತಂತ್ರಾಂಶ) ಮೂಲಕ ಪ್ರಿಂಟರನ್ನು ಲ್ಯಾಪ್‌ಟಾಪಿಗೆ ಹಂಚಿ. ಹೆಸರು ಬರದಿದ್ದರೆ ಸ್ವಿಚ್ ನೋಡಿ, ಕೆಲವು ಹೊಸ ಸ್ವಿಚ್‌ಗಳು 10 ಮೆಗಾಬಿಟ್ ಒಪ್ಪುವುದೇ ಇಲ್ಲ. ಲೋಕಲ್‌ಟಾಕನ್ನು ಟೆಲಿಫೋನ್ ತಂತಿಯಲ್ಲಿ ಓಡಿಸುವ ಫೋನ್‌ನೆಟ್ ಕನೆಕ್ಟರ್ ಬಳಸಿದ್ದರೆ ಸಾಲಿನ ಎರಡೂ ತುದಿಯಲ್ಲಿ ಟರ್ಮಿನೇಟರ್ (ತುದಿಗೆ ಹಾಕುವ ರೆಸಿಸ್ಟರ್) ಇದೆಯಾ ನೋಡಿ.

ಇನ್ನೊಂದು ಮಾತು, ಇದನ್ನು ಬಿಡಬೇಡಿ. ಅಮೆರಿಕದಿಂದ ಬಂದ ಡಬ್ಬಿಯ ಅಡಾಪ್ಟರ್ ಬಹಳ ಸಲ 120 ವೋಲ್ಟಿನದು. ನಮ್ಮ 230ಕ್ಕೆ ಸಿಕ್ಕಿಸಿದರೆ ಸುಟ್ಟೇ ಹೋಗುತ್ತದೆ. ಹೊಸದು ಕೊಳ್ಳುವಾಗ ವೋಲ್ಟ್ ಜೊತೆ ಪ್ಲಸ್-ಮೈನಸ್ಸೂ ಹೊಂದಬೇಕು. ಅಂಗಡಿಯವರ ಮಾತು ನಂಬದೆ ಮೀಟರ್ ಹಿಡಿದು ನೋಡಿ.

ಪ್ರಶ್ನೆ: ಬ್ರಿಡ್ಜ್ ಬದಲು ಯುಎಸ್‌ಬಿ-ಸೀರಿಯಲ್ ಕೇಬಲ್ ಸಾಕು ಅಂತಾರೆ. (ಮೈಸೂರು)

ಉತ್ತರ: ಸಾಲದು. ಮಾಮೂಲಿ ಸೀರಿಯಲ್ ಚಿಪ್ಪಿಗೆ ಲೋಕಲ್‌ಟಾಕ್ ಫ್ರೇಮ್ ಓದಲು ಬರುವುದಿಲ್ಲ.

ಪ್ರಶ್ನೆ: ಟೋಕನ್ ರಿಂಗ್ ಎಂಬ ಹಳೇ ನೆಟ್‌ವರ್ಕ್ ಕಾರ್ಡಿನ ಸಾಕೆಟ್ ಈಥರ್‌ನೆಟ್ಟಿನದೇ ಥರ ಇದೆ. ನೇರ ರೂಟರಿಗೆ ಹಾಕಬಹುದಾ? (ಶ್ರೀರಂಗಪಟ್ಟಣ)

ಉತ್ತರ: ಬೇಡ. ಸಾಕೆಟ್ ಒಂದೇ, ಸಿಗ್ನಲ್ ಬೇರೆ.

ಪ್ರಶ್ನೆ: ಫೋನ್‌ನೆಟ್ ತಂತಿಯನ್ನು ಗೋಡೆಯ ಟೆಲಿಫೋನ್ ಸಾಕೆಟ್ಟಿಗೆ ಹಾಕಲಾ? (ಮದ್ದೂರು)

ಉತ್ತರ: ಖಂಡಿತ ಬೇಡ. ಆ ಲೈನಿನಲ್ಲಿ ಸುಮಾರು 48 ವೋಲ್ಟ್ ಇರುತ್ತದೆ, ರಿಂಗ್ ಆದಾಗ ಇನ್ನೂ ಜಾಸ್ತಿ.